ಬಜಾರಿಯಕ್ಕನಿಗೆ ಬೆಣ್ಣೆ ಸಾಹೇಬನ ಶ್ರದ್ಧಾಂಜಲಿ

ಬಜಾರಿಯಕ್ಕ ಸತ್ತು ವಾರ ಕಳೆಯುವುದರೊಳಗೆ ನಮ್ಮ ಚಾನೆಲ್ಲಿನವರು ನೇರಪ್ರಸಾರದ ಶ್ರದ್ಧಾಂಜಲಿ ಇಟ್ಟುಕೊಂಡರು. ಅಳುವುದಕ್ಕೆ ಬಂದವರಿಗೆಲ್ಲ ಮೇಕಪ್ ಮಾಡುವ ಕೆಲಸ ನನ್ನ ಪಾಲಿಗೆ ಬಿತ್ತು. ಸುದ್ದಿ ಓದುವ ಹುಡುಗಿ ಕುರ್ಚಿಯಲ್ಲಿ ಕುಳಿತು, "ಕಾಡಿಗೆ ಇಳಿಯದ ಹಾಗೆ ಹಚ್ಚಿ ಮೇಡಂ, ಇವತ್ತು ಅಳೋದಿದೆ" ಎಂದಳು. ಅವಳು ಬಜಾರಿಯಕ್ಕನನ್ನು ಲಿಫ್ಟಿನಲ್ಲಿ ಎರಡು ಸಲ ನೋಡಿದ್ದಳೋ ಏನೋ. ಅವಳ ಹಿಂದೆ ಜಾಹೀರಾತು ವಿಭಾಗದವರು ಬಂದರು, ಆಮೇಲೆ ಕಾರ್ಯಕ್ರಮದ ನಿರ್ಮಾಪಕ. ಆತ ಕನ್ನಡಿಯಲ್ಲಿ ಮೂಗನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡು, "ಹೊಳಪು ಸ್ವಲ್ಪ ತೆಗೀರಿ. ದುಃಖದಲ್ಲಿರೋನ ಮೂಗು ಹೊಳೀಬಾರದು" ಎಂದ.

ನಾನು ಸ್ಪಂಜನ್ನು ಬೇಕಾದದ್ದಕ್ಕಿಂತ ಜೋರಾಗಿಯೇ ಒತ್ತಿದೆ.

ಈತನಿಗೆ ಬೆಣ್ಣೆ ಸಾಹೇಬ ಎಂದು ಹೆಸರಿಟ್ಟವಳು ಬಜಾರಿಯಕ್ಕನೇ. ಆತ ದನಿ ಏರಿಸಿದ್ದನ್ನು ಯಾರೂ ಕಂಡಿರಲಿಲ್ಲ. ಕೆಲಸದಿಂದ ತೆಗೆಯುವಾಗಲೂ ಭುಜದ ಮೇಲೆ ಕೈಯಿಟ್ಟು, ಮನೆಯವರ ಆರೋಗ್ಯ ವಿಚಾರಿಸಿ ತೆಗೆಯುತ್ತಿದ್ದ. ಆ ಮಧ್ಯಾಹ್ನ ಆತ ಕ್ಯಾಮೆರಾ ಮುಂದೆ ನಿಂತು, ಬಜಾರಿಯಕ್ಕನನ್ನು ತಾನು ಕಸದಿಂದ ಹೆಕ್ಕಿ ತಂದ ಮಾಣಿಕ್ಯ ಎಂದ. ಅವಳು ಯಾವ ಕಸದಲ್ಲಿದ್ದಳು, ಯಾರು ಯಾರನ್ನು ಹೆಕ್ಕಿದರು ಎಂಬುದನ್ನು ಅವಳ ಮುಖಕ್ಕೆ ವರ್ಷಗಟ್ಟಲೆ ಬಣ್ಣ ಹಚ್ಚಿದ ನಾನು ಹೇಳುತ್ತೇನೆ.

ಅವಳ ಗಂಡ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಹೊರಗೆ ದೇವರಂಥ ಮನುಷ್ಯ. ಬೀದಿಯವರೆಲ್ಲ ಹಾಗೇ ಅನ್ನುತ್ತಿದ್ದರು. ಇವಳು ಪೇಟೆಯ ದೊಡ್ಡದೊಂದು ಗೃಹೋಪಯೋಗಿ ಸಾಮಾನಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಮಿಕ್ಸಿ, ಕುಕ್ಕರ್ ತೋರಿಸಿ ವಿವರಿಸುವ ಕೆಲಸದಲ್ಲಿದ್ದಳು. ಒಂದು ದಿನ ಮಧ್ಯಾಹ್ನ ಬೇಗ ಮನೆಗೆ ಬಂದಾಗ ಅತ್ತೆ ಟಿವಿ ನೋಡುತ್ತಿದ್ದಾಳೆ, ಗಂಡ ರಜೆ ಹಾಕಿ ಮಲಗಿದ್ದಾನೆ, ಮಗು ಕಾಣುತ್ತಿಲ್ಲ. ಬಚ್ಚಲುಮನೆಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ತೆಗೆದು ನೋಡಿದರೆ ಮೂರು ವರ್ಷದ ಮಗಳು ಅತ್ತು ಅತ್ತು ಒದ್ದೆ ನೆಲದ ಮೇಲೆಯೇ ನಿದ್ದೆ ಹೋಗಿದೆ, ತುಟಿ ನೀಲಿಗಟ್ಟಿದೆ.

"ಹಟ ಮಾಡ್ತಿತ್ತು. ಬುದ್ಧಿ ಬರ್ಲಿ ಅಂತ ಅವನೇ ಹಾಕಿದ" ಎಂದಳು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ.

ಇವಳು ಮಗುವನ್ನು ಟವಲಿನಲ್ಲಿ ಸುತ್ತಿದಳು, ಎರಡು ಜೊತೆ ಬಟ್ಟೆಯನ್ನು ಕುಕ್ಕರಿನ ಖಾಲಿ ಪೆಟ್ಟಿಗೆಗೆ ತುರುಕಿದಳು, ಮೆಟ್ಟಿಲಿಳಿದಳು. ಅತ್ತೆ ಕಂಬಿ ಹಿಡಿದು ಬಗ್ಗಿ, ಮೂರೂ ಮಹಡಿಗೆ ಕೇಳುವ ಹಾಗೆ, "ಬಜಾರಿ ಕಣೇ ನೀನು, ಬಜಾರಿ" ಎಂದು ಕೂಗಿದಳು. ಇವಳು ಕೆಳಗಿನಿಂದ ತಲೆಯೆತ್ತಿ, "ಹೆಸರು ಚೆನ್ನಾಗಿದೆ ಅತ್ತೆ. ನಿಮ್ಮನೆಯಿಂದ ಅದೊಂದನ್ನ ತಗೊಂಡು ಹೋಗ್ತೀನಿ" ಎಂದಳು.

ಟೈರು ಪಂಕ್ಚರ್ ಹಾಕುವ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಬಾಡಿಗೆಗೆ ಕುಳಿತಳು. ದಿನವಿಡೀ ಸುಟ್ಟ ರಬ್ಬರಿನ ವಾಸನೆ. ಮಗುವಿಗೆ ಉಬ್ಬಸ ಹಿಡಿದದ್ದು ಬಚ್ಚಲಿನ ಥಂಡಿಯಿಂದಲೋ ಈ ವಾಸನೆಯಿಂದಲೋ, ವೈದ್ಯರಿಗೂ ಹೇಳಲಾಗಲಿಲ್ಲ. ಬಜಾರಿಯಕ್ಕ ಮಾತ್ರ ಕೊನೆಯವರೆಗೂ ತಪ್ಪನ್ನು ಬಚ್ಚಲಿನ ಮೇಲೆಯೇ ಹಾಕಿದಳು. ಹಗಲು ಅಂಗಡಿಯ ಕೌಂಟರಿನ ಕೆಳಗೆ, ಮಿಕ್ಸಿ ಪೆಟ್ಟಿಗೆಗಳ ಮಧ್ಯೆ ಮಗಳಿಗೊಂದು ಗೂಡು. ಕಾಲಿನಿಂದ ಮಗುವನ್ನು ಸವರುತ್ತ ಮೇಲೆ ಗಿರಾಕಿಗಳ ಜೊತೆ ಮಾತು.

ಆ ಮಾತು ಕೇಳುವುದಕ್ಕೇ ಜನ ನಿಲ್ಲುತ್ತಿದ್ದರು. "ಈ ಮಿಕ್ಸಿ ನಿಮ್ಮ ಯಜಮಾನ್ರ ಹಾಗಲ್ಲಮ್ಮ, ಗುಂಡಿ ಒತ್ತಿದ್ರೆ ಕೆಲಸ ಮಾಡುತ್ತೆ." ಹೆಂಡತಿಗೆ ಹುಟ್ಟುಹಬ್ಬದ ಉಡುಗೊರೆ ಕೊಳ್ಳಲು ಬಂದವನಿಗೆ, "ಅಣ್ಣಾ, ದುಡಿಸೋ ಸಾಮಾನಿಗೆ ಉಡುಗೊರೆ ಅಂತಾರಾ? ಇದನ್ನ ಅವರಿಗೆ ಕೊಟ್ಟು ರುಬ್ಬೋದು ನೀವೇ ರುಬ್ಬಿ, ಆಗ ಅದು ಉಡುಗೊರೆ." ಬೈಸಿಕೊಂಡವರೇ ಹಲ್ಲು ಕಿರಿದು ಬಿಲ್ಲು ಮಾಡಿಸುತ್ತಿದ್ದರು. ಹಾಗೆ ಬೈಸಿಕೊಂಡವರಲ್ಲಿ ಬೆಣ್ಣೆ ಸಾಹೇಬನೂ ಒಬ್ಬ. ಹೆಂಡತಿಯ ಜೊತೆ ಮಿಕ್ಸಿ ಕೊಳ್ಳಲು ಬಂದವನು ಮಿಕ್ಸಿ ಬಿಟ್ಟು ಇವಳನ್ನು ನೋಡಿದ. ಆಗ ನಮ್ಮ ಚಾನೆಲ್ಲು ಮುಚ್ಚುವ ಸ್ಥಿತಿಯಲ್ಲಿತ್ತು. ಕಸದಲ್ಲಿದ್ದವರು ಯಾರೆಂದು ಈಗ ನೀವೇ ಹೇಳಿ.

ಕಾರ್ಯಕ್ರಮಕ್ಕೆ ಏನು ಹೆಸರಿಡೋಣ ಎಂದಾಗ, "ನನಗೆ ಅತ್ತೆ ಕೊಟ್ಟ ಹೆಸರೊಂದಿದೆ, ಹಳೇದಾದ್ರೂ ಗಟ್ಟಿ" ಎಂದಳು. 'ಬಜಾರಿ ಬಂದಳು' ಶುರುವಾದದ್ದು ಹಾಗೆ. ಮಧ್ಯಾಹ್ನದ ಊಟದ ಹೊತ್ತಿಗೆ, ಒಂದು ಗಂಟೆಯ ಕಾಲ. ಮೇಜಿನ ಮೇಲೆ ಒಂದು ಕೆಂಪು ಫೋನು. ಜನ ಫೋನು ಮಾಡಿ ತಮ್ಮ ದೂರು ಹೇಳುವುದು. ಇವಳು ಅಲ್ಲಿಯೇ, ಎಲ್ಲರೆದುರು, ತಪ್ಪು ಮಾಡಿದವರಿಗೆ ಫೋನು ಹಚ್ಚಿ ಅವರ ಪರವಾಗಿ ಜಗಳವಾಡುವುದು.

ಮೊದಲ ವಾರದಲ್ಲೇ ಮಹಡಿಮನೆಯ ಬಾಡಿಗೆದಾರಳೊಬ್ಬಳು, ಮಾಲೀಕರು ನೀರು ನಿಲ್ಲಿಸಿದ್ದಾರೆಂದು ಅತ್ತಳು. ಬಜಾರಿಯಕ್ಕ ಮಾಲೀಕರಿಗೆ ಫೋನು ಹಚ್ಚಿದಳು.

"ಮೋಟರ್ ಕೆಟ್ಟಿದೆಯಮ್ಮ, ನಾನೇನು ಮಾಡ್ಲಿ" ಎಂದರು ಅವರು.

"ಅಯ್ಯೋ ಪಾಪ. ನಿಮ್ಮ ಹಿಂದ್ಗಡೆ ಯಾರೋ ಬಟ್ಟೆ ಒಗೀತಿರೋ ಸದ್ದು ಬರ್ತಿದೆಯಲ್ಲ ಯಜಮಾನ್ರೇ, ಅದೇನು ಒಣಬಟ್ಟೇನಾ?"

ಕಾರ್ಯಕ್ರಮ ಮುಗಿಯುವುದರೊಳಗೆ ಮಹಡಿಮನೆಗೆ ನೀರು ಏರಿತು. ಆಮೇಲೆ ಊರಿಗೆ ಊರೇ ಅವಳದ್ದಾಯಿತು. ರವಿಕೆ ಕೆಡಿಸಿದ ದರ್ಜಿ, ಪಿಂಚಣಿ ಕೊಡದೆ ಸತಾಯಿಸುವ ಕಚೇರಿ, ಮುದುಕಿಗೆ ನಿಲ್ಲಿಸದೆ ಹೋಗುವ ಬಸ್ಸಿನವನು, ಎಲ್ಲರಿಗೂ ಮಧ್ಯಾಹ್ನವಾದರೆ ಎದೆ ಢವಢವ. 'ಬಜಾರಿಯಕ್ಕನಿಗೆ ಫೋನ್ ಹಚ್ತೀನಿ ನೋಡು' ಎನ್ನುವುದು ಬೀದಿಜಗಳದ ಮಾತಾಗಿಬಿಟ್ಟಿತು.

ಆದರೆ ಅವಳ ಜಗತ್ತು ಇದ್ದದ್ದು ಸ್ಟುಡಿಯೋದಲ್ಲಲ್ಲ. ಮಗಳ ಶಾಲೆ ಬಿಡುವ ಹೊತ್ತಿಗೆ ಅವಳು ಗೇಟಿನಲ್ಲಿರಬೇಕು, ಅಷ್ಟೇ. ಸಂಜೆ ಚಿತ್ರೀಕರಣಕ್ಕೆ ಒಪ್ಪಲಿಲ್ಲ, ಸಿನಿಮಾದವರು ಬಂದರೆ ಬಾಗಿಲಲ್ಲೇ ಕಳಿಸಿದಳು. ಮೇಕಪ್ ಪೂರ್ತಿ ಒರೆಸಿಕೊಳ್ಳುವ ತಾಳ್ಮೆಯೂ ಇರುತ್ತಿರಲಿಲ್ಲ. ಅರ್ಧ ಮುಖ ಬಜಾರಿ, ಅರ್ಧ ಮುಖ ಅಮ್ಮ, ಹಾಗೇ ಓಡುತ್ತಿದ್ದಳು. ಒಮ್ಮೆ ನೇರಪ್ರಸಾರದ ಮಧ್ಯೆ ಶಾಲೆಯಿಂದ ಫೋನು ಬಂತು. ಅವಳು ಕ್ಯಾಮೆರಾ ನೋಡಿ, "ನನ್ನ ಮಗಳಿಗೆ ಉಬ್ಬಸ ಎದ್ದಿದೆಯಂತೆ. ನಿಮ್ಮ ಜಗಳ ನಾಳೆಗಿಟ್ಕೊಳ್ಳಿ" ಎಂದು ಎದ್ದು ಹೋದಳು. ಮರುದಿನ ಚಾನೆಲ್ಲಿನ ಫೋನುಗಳಿಗೆ ಬಿಡುವಿಲ್ಲ. ಜಗಳದ ಮಾತು ಬಿಟ್ಟು ಎಲ್ಲರೂ ಮಗಳ ಆರೋಗ್ಯವನ್ನೇ ಕೇಳಿದರು.

ಬೆಣ್ಣೆ ಸಾಹೇಬನ ಮೂಗಿಗೆ ವಾಸನೆ ಬಡಿದದ್ದು ಆಗಲೇ. "ಒಂದೇ ಒಂದ್ಸಲ ಮಗೂನ ಕರ್ಕೊಂಡು ಬನ್ನಿ ಅಮ್ಮ. ಜನಕ್ಕೆ ನಿಮ್ಮ ಕಷ್ಟ ಗೊತ್ತಾಗ್ಲಿ" ಎಂದು ನನ್ನ ಮೇಕಪ್ ಕೋಣೆಗೇ ಬಂದು ಕೇಳಿದ.

"ನನ್ನ ಬಾಯಿ ಮಾರಿದ್ದೀನಿ ಸರ್. ಮಗಳನ್ನ ಮಾರಿಲ್ಲ."

"ನೀವು ತಪ್ಪು ತಿಳ್ಕೊಂಡಿದ್ದೀರಿ."

"ಸರಿಯಾಗೇ ತಿಳ್ಕೊಂಡಿದ್ದೀನಿ. ಇನ್ನೊಂದ್ಸಲ ಕೇಳ್ಬೇಡಿ."

ಆತ ಇನ್ನೊಂದು ಸಲ ಕೇಳಲಿಲ್ಲ. ಕೇಳದೆಯೇ ಮಾಡಿದ. ಕಾರ್ಯಕ್ರಮದ ವಾರ್ಷಿಕ ದಿನ, ಸಭಿಕರು ಕಿಕ್ಕಿರಿದಿದ್ದಾಗ, ವಿಶೇಷ ಅತಿಥಿ ಎಂದು ಸಾರಿದರು. ಪರದೆ ಸರಿಯಿತು. ಹೂಗುಚ್ಛ ಹಿಡಿದು ಅವಳ ಗಂಡ ನಿಂತಿದ್ದ. ಬಜಾರಿಯಕ್ಕನ ಯಜಮಾನರು ಎಂದು ಘೋಷಿಸಿದ್ದೇ ತಡ, ಚಪ್ಪಾಳೆಯೋ ಚಪ್ಪಾಳೆ.

ಬಜಾರಿಯಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, "ಈ ಮನುಷ್ಯ ಯಾರು ಅಂತ ನನಗೆ ಗೊತ್ತಿಲ್ಲ. ಬಾಗಿಲು ತೆರೆದಿಟ್ರೆ ಏನೇನೋ ಒಳಗೆ ಬರುತ್ತೆ" ಎಂದಳು. ಜನ ಗೊಳ್ಳೆಂದು ನಕ್ಕರು, ಇದೂ ಆಟವೆಂದುಕೊಂಡು. ಅವನೂ ನಕ್ಕ. ಆಮೇಲೆ ಅವಳ ಕಣ್ಣು ಪರದೆಯ ಪಕ್ಕಕ್ಕೆ ಹೋಯಿತು. ಅಲ್ಲಿ ಹದಿಮೂರು ವರ್ಷದ ಮಗಳು, ಶಾಲೆಯ ಸಮವಸ್ತ್ರದಲ್ಲಿ, ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. ಅಮ್ಮ ಕರೆಯುತ್ತಿದ್ದಾಳೆಂದು ಸುಳ್ಳು ಹೇಳಿ ಚಾನೆಲ್ಲಿನ ಕಾರು ಕರೆತಂದಿತ್ತು. ಗಂಡ ಅವಳ ತಲೆ ಸವರಲು ಹೋದ. ಹುಡುಗಿ ದೀಪದ ಕಂಬದ ಹಿಂದಕ್ಕೆ ಸರಿದಳು.

ಬಜಾರಿಯಕ್ಕ ಮೈಕನ್ನು ಕಿತ್ತು ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಹಾಕಿ, ಮಗಳ ಕೈ ಹಿಡಿದು ಸಾಮಾನು ಸಾಗಿಸುವ ಬಾಗಿಲಿನಿಂದ ಹೊರಗೆ ನಡೆದಳು. ಮನೆಮನೆಯಲ್ಲಿ ಜನ ಜಾಹೀರಾತು ಬರುವವರೆಗೂ ಖಾಲಿ ಕುರ್ಚಿಯನ್ನೇ ನೋಡಿದರು.

ನಿಜವಾದ ಜಗಳ ನಡೆದದ್ದು ಹೊರಗೆ, ನಮ್ಮ ವ್ಯಾನು ನಿಲ್ಲುವ ಜಾಗದಲ್ಲಿ. ನಾನು ಅವಳ ಚೀಲ ಹಿಡಿದು ಹಿಂದೆ ಓಡಿದ್ದೆ. ಮಗಳು ಕೈ ಕೊಸರಿಕೊಂಡು ನಿಂತಿದ್ದಳು.

"ಅಪ್ಪ ಸತ್ತಿದ್ದಾನೆ ಅಂದಿದ್ದೆ ನೀನು."

"ನನ್ನ ಪಾಲಿಗೆ ಸತ್ತಿದ್ದ."

"ನನ್ನ ಪಾಲಿಗೆ?"

ಊರಿಗೆಲ್ಲ ಉತ್ತರ ಕೊಡುತ್ತಿದ್ದ ಹೆಂಗಸು ನನ್ನ ಕೈಯಿಂದ ಚೀಲ ಕಸಿದುಕೊಂಡು ಆಟೋಗೆ ಕೈಯೊಡ್ಡಿದಳು. ಬಚ್ಚಲಿನ ಕತೆಯನ್ನು ಮಗಳಿಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಅಷ್ಟರಲ್ಲಿ ಹುಡುಗಿಗೆ ಶಾಲೆಯಲ್ಲಿ 'ಮರಿಬಜಾರಿ' ಎಂಬ ಹೆಸರು ಅಂಟಿತ್ತು. ಅವಳು ಅಮ್ಮನ ಜೊತೆ ಸೊಟ್ಟ ಮುಖ ಮಾಡಿಕೊಂಡೇ ದೊಡ್ಡವಳಾದಳು. ಒಂದೇ ತಟ್ಟೆಯಲ್ಲಿ ಉಂಡರು, ಒಂದೇ ಹಾಸಿಗೆಯಲ್ಲಿ ಮಲಗಿದರು, ಮಾತು ಮಾತ್ರ ಕತ್ತರಿಯ ಹಾಗೆ.

ಬಜಾರಿಯಕ್ಕ ಬೇರೆ ಚಾನೆಲ್ಲುಗಳ ಬಾಗಿಲು ತಟ್ಟಿ ನೋಡಿದಳು. ಬೆಣ್ಣೆ ಸಾಹೇಬ ಅಷ್ಟರಲ್ಲಿ ಎಲ್ಲ ಕಡೆ ಮೆತ್ತಗೆ ಮಾತಾಡಿ ಮುಗಿಸಿದ್ದ. ಮಗಳ ಔಷಧಿ ನಿಲ್ಲುವ ಹಾಗಿರಲಿಲ್ಲ. ವಾಪಸ್ಸು ಬಂದಳು, ಒಂದು ಷರತ್ತಿನ ಮೇಲೆ: ಆತ ತನ್ನ ಜೊತೆ ನೇರವಾಗಿ ಮಾತಾಡಕೂಡದು. ಅಂದಿನಿಂದ ಅವಳು ಸಾಯುವವರೆಗೆ ಹಾಗೇ ನಡೆಯಿತು. ಇಬ್ಬರೂ ಎದುರುಬದುರು ನಿಂತಿದ್ದರೂ ಮಧ್ಯೆ ನಾನೋ ಸ್ಟುಡಿಯೋ ಮೇಲ್ವಿಚಾರಕನೋ ಬೇಕು.

"ಕಾರ್ಯಕ್ರಮ ಎರಡು ನಿಮಿಷ ಬೇಗ ಮುಗಿಸ್ಬೇಕಂತೆ ಅಂತ ಅವರಿಗೆ ಹೇಳಿ" ಎಂದು ಆತ ನನಗೆ ಹೇಳುತ್ತಿದ್ದ, ಅವಳ ಮೂಗಿನ ಮುಂದೆಯೇ.

"ಕಿವಿ ಇದೆ ಅಂತ ಹೇಳೇ ಅವನಿಗೆ. ಮುಗಿಸೋದು ನನ್ನಿಷ್ಟ ಅಂತಾನೂ ಹೇಳು."

ಹೊಸದಾಗಿ ಬಂದವರು ಇದನ್ನೂ ತಮಾಷೆ ಎಂದೇ ತಿಳಿದರು. ತಮಾಷೆಯ ಹನಿಯೂ ಅದರಲ್ಲಿರಲಿಲ್ಲ. ಆತನ ಹುಟ್ಟುಹಬ್ಬಕ್ಕೆ ತಂದ ಕೇಕು ಕೋಣೆಗೆ ಬಂದರೆ ಅವಳು ತಟ್ಟೆಯನ್ನು ಬಾಗಿಲಾಚೆ ನೆಲದ ಮೇಲಿಡುತ್ತಿದ್ದಳು. ನಾನು ಕದ್ದು ತಿಂದದ್ದು ಗೊತ್ತಾಗಿ ಎರಡು ದಿನ ನನ್ನ ಜೊತೆಯೂ ಮಾತು ಬಿಟ್ಟಿದ್ದಳು.

ಮಗಳು ಓದಿ, ಕೃತಕ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. "ಅಮ್ಮನ ಬಾಯಿ ಮುಚ್ಚಿಸೋಕೆ ಆಗ್ಲಿಲ್ಲ, ಊರವರ ಬಾಯಿ ರಿಪೇರಿಗೆ ಹೊರಟಿದ್ದಾಳೆ" ಎಂದು ಬಜಾರಿಯಕ್ಕ ಹೆಮ್ಮೆಯಿಂದಲೇ ಗೊಣಗುತ್ತಿದ್ದಳು. ಮಗಳ ಮೊದಲ ಸಂಬಳದಲ್ಲಿ, ಔಷಧಿಯ ಖರ್ಚಿನಿಂದಾಗಿ ಅಷ್ಟು ವರ್ಷ ಕಳೆದ ಟೈರಂಗಡಿಯ ಮೇಲಿನ ಕೋಣೆ ಬಿಟ್ಟು, ಕಿಟಕಿಗಳಿರುವ ಎರಡು ಕೋಣೆಯ ಮನೆಗೆ ಹೋದರು. ಜಗಳ ಹೊಸ ಮನೆಗೂ ಬಂತು. ಮಗಳಿಗೆ ಚಳಿಯಲ್ಲಿ ಸ್ವೆಟರ್ ಹಾಕಿಕೊ ಎಂದು ಇವಳು, ನನಗೇನು ಹತ್ತು ವರ್ಷವಾ ಎಂದು ಅವಳು.

ಪಿತ್ತಕೋಶದಲ್ಲಿ ಗಡ್ಡೆ ಎಂದು ಗೊತ್ತಾದಾಗ ತಡವಾಗಿತ್ತು. ಬಜಾರಿಯಕ್ಕ ನನಗೆ ಕೆನ್ನೆಯ ಬಣ್ಣ ಜಾಸ್ತಿ ಹಾಕಲು ಹೇಳಿ, ಕುಳಿತುಕೊಳ್ಳಲು ಆಗುವವರೆಗೂ ಕಾರ್ಯಕ್ರಮ ನಡೆಸಿದಳು. ಬೆಣ್ಣೆ ಸಾಹೇಬನಿಗೆ ಹೇಗೋ ತಿಳಿಯಿತು. ಆಸ್ಪತ್ರೆಯ ಕೋಣೆಯಿಂದ ಒಂದು ವಿದಾಯದ ಕಂತು ಮಾಡೋಣವೆಂದು ನನ್ನ ಮೂಲಕ ಹೇಳಿ ಕಳಿಸಿದ. ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡೇ, "ಬದುಕಿದ್ದಾಗ್ಲೂ ಬೇಡ, ಸತ್ತ ಮೇಲೂ ಬೇಡ. ನನ್ನ ಹೆಸರಲ್ಲಿ ಅವನು ಅಳಕೂಡದು ಅಂತ ಹೇಳು" ಎಂದಳು. ಮಗಳು ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಆ ಮಾತನ್ನು ಅಕ್ಷರವೂ ಬಿಡದೆ ತಲುಪಿಸಿದೆ. ಆತ, "ಪಾಪ, ನೋವಲ್ಲಿದ್ದಾರೆ" ಎಂದ.

ಕೆಲವೇ ದಿನಗಳಲ್ಲಿ, ಒಂದು ಮಧ್ಯಾಹ್ನ, ತನ್ನ ಕಾರ್ಯಕ್ರಮದ ಹಳೆಯ ಕಂತು ಪಕ್ಕದ ವಾರ್ಡಿನಲ್ಲಿ ಜೋರಾಗಿ ಓಡುತ್ತಿರುವಾಗ ಅವಳು ಹೋದಳು. ಸದ್ದು ಕಡಿಮೆ ಮಾಡಿ ಎಂದು ಕೇಳಲು ಮಗಳು ಆ ವಾರ್ಡಿಗೆ ಹೋಗಿದ್ದಳು. ಬಂದಾಗ ಮುಗಿದಿತ್ತು.

ಇನ್ನು ಆ ಶ್ರದ್ಧಾಂಜಲಿ. ಮಗಳು ಬರುವುದಿಲ್ಲವೆಂದು ಖಡಾಖಂಡಿತ ಹೇಳಿದ್ದಳು. ಆದರೂ ಬೆಳಗಿನಿಂದ ಪರದೆಯ ಕೆಳಗೆ ಅಕ್ಷರಗಳು ಓಡುತ್ತಿದ್ದವು: ತಂದೆ-ಮಗಳ ಭಾವುಕ ಮಿಲನ, ಇಂದು ಮಧ್ಯಾಹ್ನ. ನಿರ್ಮಾಪಕ ಎದ್ದು ಹೋದ ಮೇಲೆ ನನ್ನ ಕುರ್ಚಿಗೆ ಬಂದು ಕುಳಿತವನು ಆ ತಂದೆ. ತಲೆ ಬೋಳಾಗಿತ್ತು, ಅಂಗಿ ಮಾತ್ರ ಗರಿಗರಿ.

"ಮಗಳು ಬರ್ತಾಳಂತೆ. ನನ್ನ ಗುರುತು ಹಿಡೀತಾಳಾ ಅಂತೀರಾ?" ಎಂದು ಕೇಳಿದ.

ನಾನು ಅವನ ಹಣೆಗೆ ಪೌಡರ್ ಒತ್ತುತ್ತಿದ್ದೆ. ಬಾಗಿಲು ತೆರೆಯಿತು. ಮಗಳು ನಿಂತಿದ್ದಳು. ಆ ಓಡುವ ಅಕ್ಷರಗಳನ್ನು ಲ್ಯಾಬಿನ ಟಿವಿಯಲ್ಲಿ ನೋಡಿ ಹಾಗೇ ಎದ್ದು ಬಂದಿದ್ದಳು. ಬಿಳಿ ಕೋಟಿನ ತೋಳಿಗೆ ಪ್ಲಾಸ್ಟರಿನ ಪುಡಿ.

ಅವನು ಕನ್ನಡಿಯಲ್ಲಿ ಅವಳನ್ನು ನೋಡಿ ಎದ್ದು ನಿಂತ. "ಮಗಳೇ" ಎಂದ.

"ನೀವು ಮನೆಗೆ ಹೋಗಿ" ಎಂದಳು ಅವಳು.

"ನಾನೂ ನೊಂದಿದ್ದೀನಮ್ಮ."

"ನೊಂದ್ಕೊಳ್ಳಿ. ನಿಮ್ಮನೇಲಿ ಬಚ್ಚಲಿದೆಯಲ್ಲ, ಚಿಲಕ ಹಾಕ್ಕೊಂಡು ಅಳಿ."

ಅವನ ಮುಖದ ಪೌಡರಿನ ಕೆಳಗೆ ಬಣ್ಣ ಬದಲಾದದ್ದು ನನಗೆ ಕಂಡಿತು. ಆದರೂ ಹೋಗಲಿಲ್ಲ. ಸಹಾಯಕಿಯೊಬ್ಬಳು ಬಂದು ಅವನನ್ನು ಸ್ಟುಡಿಯೋಗೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದಳು. ಬೆಣ್ಣೆ ಸಾಹೇಬ ಓಡಿ ಬಂದ. "ಬಂದ್ಯಲ್ಲಮ್ಮ, ಒಳ್ಳೇದಾಯ್ತು. ಬಾ, ಬೆಳಕಿಗೆ ಬಾ."

"ನಾನು ಕೂರಲ್ಲ. ಅಮ್ಮ ಬೇಡ ಅಂದಿದ್ರು. ನಿಲ್ಲಿಸಿ."

"ಅವರು ನಿನಗೊಬ್ಬಳಿಗೆ ಸೇರಿದವರಲ್ಲಮ್ಮ. ಊರಿಗೆಲ್ಲ ಬೇಕಾದವರು."

"ಊರಿಗೆ ಮಧ್ಯಾಹ್ನದ ಒಂದು ಗಂಟೆ ಹೊತ್ತು ಮಾತ್ರ. ಉಳಿದದ್ದೆಲ್ಲ ನನ್ನಮ್ಮ."

ಆತ ನಕ್ಕು, ಅವಳ ಭುಜದ ಕಡೆ ಕೈ ಚಾಚಿ, ಅವಳ ಕಣ್ಣು ನೋಡಿ ಕೈ ಹಿಂದೆ ತೆಗೆದುಕೊಂಡು ಹೊರಟುಹೋದ. ನಾವಿಬ್ಬರೇ ಉಳಿದೆವು. ಮೂಲೆಯ ಟಿವಿಯಲ್ಲಿ ನೇರಪ್ರಸಾರ ಶುರುವಾಯಿತು. ಸುದ್ದಿ ಓದುವ ಹುಡುಗಿ ಹೇಳಿದ ಹಾಗೆಯೇ ಅತ್ತಳು, ಕಾಡಿಗೆ ಇಳಿಯಲಿಲ್ಲ. ಬೆಣ್ಣೆ ಸಾಹೇಬ ಗದ್ಗದಿತನಾಗಿ, "ಅವರ ಮಗಳು ದುಃಖದಲ್ಲಿ ಹಾಸಿಗೆ ಹಿಡಿದಿದ್ದಾಳೆ. ಬರೋಕಾಗದೆ, ತಂದೆಯನ್ನ ಕಳಿಸಿಕೊಟ್ಟಿದ್ದಾಳೆ" ಎಂದ.

ಮಗಳು ಗೋಡೆಯ ಫೋನನ್ನು ಎತ್ತಿದಳು. ಆ ಕಾರ್ಯಕ್ರಮದ ನಂಬರು ಊರಿನ ಮಕ್ಕಳಿಗೂ ಬಾಯಿಪಾಠ. ಯಾರೋ ಅಭಿಮಾನಿ ಎಂದುಕೊಂಡು ಒಳಗಿನವರು ಕರೆಯನ್ನು ನೇರಪ್ರಸಾರಕ್ಕೆ ಜೋಡಿಸಿದರು. ಅವಳ ದನಿ ಟಿವಿಯಿಂದಲೂ ಕೋಣೆಯಿಂದಲೂ ಒಟ್ಟಿಗೇ ಕೇಳಿಸಿತು.

"ಈ ಕಾರ್ಯಕ್ರಮಕ್ಕೆ ದೂರು ಹೇಳೋಕೆ ತಾನೇ ಫೋನ್ ಮಾಡೋದು? ನಂದೂ ಒಂದಿದೆ. ನಾನು ಅವರ ಮಗಳು. ಹಾಸಿಗೆ ಹಿಡಿದಿಲ್ಲ, ನಿಮ್ಮದೇ ಮೇಕಪ್ ರೂಮಲ್ಲಿದ್ದೀನಿ. ತಂದೇನ ನಾನು ಕಳಿಸಿಲ್ಲ. ಮುಂದಿನ ಸಾಲಲ್ಲಿ ಕೂತಿರೋರು, ನನಗೆ ಮೂರು ವರ್ಷ ಇದ್ದಾಗ ಬಚ್ಚಲಲ್ಲಿ ಹಾಕಿ ಚಿಲಕ ಹಾಕಿದ್ರು. ತೆಗೆದೋರು ಅಮ್ಮ. ಅವರು ಸಾಯೋ ಮುಂಚೆ, ತನ್ನ ಹೆಸರಲ್ಲಿ ಈ ನಿರ್ಮಾಪಕರು ಅಳಬಾರದು ಅಂತ ಹೇಳಿ ಕಳಿಸಿದ್ರು. ಇವರು ಅಳ್ತಿದ್ದಾರೆ. ನಿಲ್ಲಿಸೋಕೆ ಹೇಳಿ."

ಫೋನು ಕಡಿಯಿತು. "ತಾಂತ್ರಿಕ ತೊಂದರೆ" ಎಂದ ಬೆಣ್ಣೆ ಸಾಹೇಬ. ಸಭಿಕರಲ್ಲಿ ದಪ್ಪನೆಯ ಹೆಂಗಸೊಬ್ಬಳು ಎದ್ದು ನಿಂತು, "ತೊಂದರೆ ಎಲ್ಲಿಂದ ಬಂತು? ಸರಿಯಾಗೇ ಕೇಳಿಸ್ತಿತ್ತಲ್ಲ. ಮತ್ತೆ ಜೋಡಿಸಿ" ಎಂದಳು. ಇನ್ನೊಬ್ಬಳು ಎದ್ದಳು. ಯಾರೋ, "ಆ ಗಂಡನ್ನ ಎಬ್ಬಿಸಿ ಮೊದ್ಲು" ಎಂದರು. ಅವನು ಎದ್ದು, ದಾರಿ ತಿಳಿಯದೆ ಕ್ಯಾಮೆರಾಗಳ ಮಧ್ಯೆ ನುಗ್ಗಿ ಹೊರಟ. ಹಿಂದಿನಿಂದ ಅವನ ಬೆನ್ನಿಗೆ ಬಿದ್ದ ಮಾತುಗಳನ್ನು ಬಜಾರಿಯಕ್ಕನೇ ಕಲಿಸಿದ್ದಳೆಂದು ನಾನು ಆಣೆ ಮಾಡಬಲ್ಲೆ. ಪರದೆಯ ಮೇಲೆ ಸೋಪಿನ ಜಾಹೀರಾತು ಬಂತು, ತುಂಬ ಹೊತ್ತು ಅದೇ ಇತ್ತು.

ಬೆಣ್ಣೆ ಸಾಹೇಬ ಮೇಕಪ್ ಕೋಣೆಗೆ ನುಗ್ಗಿದ. ಆತ ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೋರ್ಟು ಎಂದ, ಮಾನಹಾನಿ ಎಂದ, ನನ್ನ ಕಡೆ ತಿರುಗಿ, "ಫೋನ್ ಕೊಟ್ಟಿದ್ದು ನೀವೇ" ಎಂದ.

"ಫೋನ್ ಗೋಡೇಲಿದೆ ಸರ್. ನಾನು ಕೊಡೋದೇನು ಬಂತು" ಎಂದೆ.

ಮಗಳು ಹೊರಟಳು. ನಾನು ಹಜಾರದಲ್ಲಿ ಅವಳ ಹಿಂದೆ ಓಡಿ, "ಒಳ್ಳೆ ಕೆಲಸ ಮಾಡಿದೆ ಕಣೇ" ಎಂದೆ. ಅವಳು ತಿರುಗಿ ನಿಂತಳು.

"ನೀವು ಅವನಿಗೆ ಪೌಡರ್ ಹಚ್ತಿದ್ರಲ್ಲ ಆಂಟಿ."

"ಅದು ನನ್ನ ಕೆಲಸ."

"ಗೊತ್ತು" ಎಂದು ಮೆಟ್ಟಿಲಿಳಿದಳು.

ಕೋರ್ಟೂ ಆಗಲಿಲ್ಲ, ಕಚೇರಿಯೂ ಆಗಲಿಲ್ಲ. ಆ ಕಂತನ್ನು ಚಾನೆಲ್ಲಿನವರು ಮತ್ತೆ ತೋರಿಸಲಿಲ್ಲ. ಬೆಣ್ಣೆ ಸಾಹೇಬ ಇನ್ನೂ ಅದೇ ಕುರ್ಚಿಯಲ್ಲಿದ್ದಾನೆ. ಕೆಂಪು ಫೋನಿನ ಮುಂದೆ ಈಗ ಸುದ್ದಿ ಓದುತ್ತಿದ್ದ ಹುಡುಗಿ ಕೂರುತ್ತಾಳೆ. ಬೈಯಲು ಬರುವುದಿಲ್ಲ, ನಗುತ್ತಾಳೆ. ಮಾಲೀಕರು ಮೋಟರ್ ಕೆಟ್ಟಿದೆ ಎಂದರೆ ಹೌದಾ ಸರ್ ಎನ್ನುತ್ತಾಳೆ. ನನ್ನನ್ನು ಮರುತಿಂಗಳೇ, ಭುಜದ ಮೇಲೆ ಕೈಯಿಟ್ಟೇ, ಕೆಲಸದಿಂದ ತೆಗೆದರು. ಆ ಕೈಯನ್ನು ನಾನು ಕೊಡವಿದೆ. ಈಗ ಮನೆಯ ಹತ್ತಿರವೇ ಒಂದು ಬ್ಯೂಟಿ ಪಾರ್ಲರಿನಲ್ಲಿದ್ದೇನೆ.

ಮಗಳನ್ನು ನೋಡಲು ಆಗೊಮ್ಮೆ ಈಗೊಮ್ಮೆ ಲ್ಯಾಬಿಗೆ ಹೋಗುತ್ತೇನೆ. ಬನ್ನಿ ಎನ್ನುವುದಿಲ್ಲ, ಹೋಗಿ ಎಂದೂ ಅನ್ನುವುದಿಲ್ಲ. ಬಾಗಿಲಲ್ಲಿ ಅಭಿಮಾನಿಗಳು ಇಣುಕಿ ಅಮ್ಮನ ಹಾಗೇ ಇದ್ದೀರಿ ಎಂದರೆ, ಅವಳು ಕಣ್ಣೆತ್ತದೆ ಹಲ್ಲಿನ ಸೆಟ್ಟು ತಿಕ್ಕುವ ಯಂತ್ರದ ಸದ್ದು ಜಾಸ್ತಿ ಮಾಡುತ್ತಾಳೆ. ಕಳೆದ ಬಾರಿ ಹೋದಾಗ ಅವಳ ಕೈಯಲ್ಲಿ ಒಂದು ಪೂರ್ತಿ ಸೆಟ್ಟಿತ್ತು. ವೈದ್ಯರು ಕಳಿಸಿದ ಅಚ್ಚಿನ ಮೇಲೆ ಅವಳ ತಂದೆಯ ಹೆಸರು. ಹಲ್ಲೆಲ್ಲ ಉದುರಿ, ಯಾರು ಮಾಡುತ್ತಾರೆಂದು ತಿಳಿಯದೆ, ಆ ಮನುಷ್ಯ ಅಲ್ಲಿಗೇ ಬಂದು ಸೇರಿದ್ದ.

"ಬೇರೆಯವರಿಗೆ ಕೊಡಬಹುದಿತ್ತಲ್ಲ" ಎಂದೆ.

ಅವಳು ಸೆಟ್ಟನ್ನು ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಸವರಿ, ಇನ್ನೊಂದು ಸುತ್ತು ತಿಕ್ಕಿದಳು. "ಇಲ್ಲ ಆಂಟಿ, ನಾನೇ ಮಾಡ್ತೀನಿ. ಸರಿಯಾಗಿ ಕೂರಬೇಕು. ಸಡಿಲ ಆದ್ರೆ ವಾಪಸ್ ಬರ್ತಾನೆ."